ಮಿಲ್ ಲೇನ್ ಮೈದಾನದ ದನಿ

ಬ್ರಾಕ್‌ಡೇಲ್ ಊರಿನಲ್ಲಿ ನೆವಿಲ್ ಬಾರ್ಲೋನ ದನಿ ಗೊತ್ತಿಲ್ಲದವರಿರಲಿಲ್ಲ. ನೆವಿಲ್ ಬಾರ್ಲೋ ಗೊತ್ತಿದ್ದವರು ಮಾತ್ರ ಬೆರಳೆಣಿಕೆಯಷ್ಟು. ಶನಿವಾರ ಮಧ್ಯಾಹ್ನ ಮಿಲ್ ಲೇನ್ ಮೈದಾನದಲ್ಲಿ ಟೌನ್ ಎಂಬ ಊರ ಫುಟ್‌ಬಾಲ್ ತಂಡದ ಆಟವಿದ್ದರೆ, ಗುಡ್ಡದ ಇಳಿಜಾರಿನ ಮನೆಗಳ ಹಿತ್ತಲಲ್ಲಿ ಬಟ್ಟೆ ಒಣಹಾಕುವವರಿಗೂ ಆ ದನಿ ಕೇಳುತ್ತಿತ್ತು. ತುಂಬಿದ ದನಿ, ಎಲ್ಲೂ ತಡವರಿಸದ ದನಿ. ಸೋಮವಾರ ಬೆಳಿಗ್ಗೆ ಅದೇ ಬೀದಿಯ ಅಂಗಡಿಗಳಿಗೆ ಬ್ರೆಡ್ಡಿನ ವ್ಯಾನು ತರುತ್ತಿದ್ದ, ಒಂದು ಮಾತು ಹೊರಡಿಸಲು ನಾಲ್ಕು ಸಲ ಉಸಿರೆಳೆಯುತ್ತಿದ್ದ ಬೋಳುತಲೆಯ ಮನುಷ್ಯನೇ ಆ ದನಿಯ ಒಡೆಯ ಎಂದು ಹೆಚ್ಚಿನವರಿಗೆ ಹೊಳೆದೇ ಇರಲಿಲ್ಲ.

ನೆವಿಲ್‌ಗೆ ಉಗ್ಗು. ಮಾತು ಕಲಿತಂದಿನಿಂದಲೂ ಇತ್ತು. ಅದರಲ್ಲೂ 'ಬ' ಅಕ್ಷರ ಅವನ ಪಾಲಿಗೆ ಕಲ್ಲಿನ ಗೋಡೆ. ಊರಿನ ಹೆಸರು ಬ್ರಾಕ್‌ಡೇಲ್, ಮನೆತನದ ಹೆಸರು ಬಾರ್ಲೋ, ಹೊಟ್ಟೆಪಾಡಿಗೆ ಮಾರುವುದು ಬ್ರೆಡ್ಡು. 'ದೇವರು ನನ್ನ ಮೇಲೆ ಹಟ ಸಾಧಿಸಿದಾನೆ' ಎಂದು ಹೆಂಡತಿಯೊಂದಿಗೆ ಅವನೇ ನಗುತ್ತಿದ್ದ.

ಮೈಕು ಅವನ ಕೈಗೆ ಬಂದದ್ದು ಆಕಸ್ಮಿಕ. ಪ್ರಾಯದಲ್ಲಿ ಅವನು ಮೈದಾನದ ಲೌಡ್‌ಸ್ಪೀಕರಿನ ತಂತಿ ಸರಿಮಾಡಲು ಹೋಗುತ್ತಿದ್ದ. ಒಂದು ಶನಿವಾರ ಆಟಗಾರರ ಹೆಸರು ಓದಬೇಕಾಗಿದ್ದ ಮುದುಕನಿಗೆ ಗಂಟಲು ಕಟ್ಟಿತು. ಆತ ಕಾಗದವನ್ನು ನೆವಿಲ್ ಕಡೆ ತಳ್ಳಿ ಕೈಸನ್ನೆ ಮಾಡಿದ. ಮುಖ್ಯ ಸ್ಟ್ಯಾಂಡಿನ ನೆತ್ತಿಯ ಮೇಲಿನ ತಗಡಿನ ಗೂಡು ಅದು. ಬಾಗಿಲು ಮುಚ್ಚಿತ್ತು, ಎದುರಿಗೆ ಯಾರ ಮುಖವೂ ಇರಲಿಲ್ಲ. ನೆವಿಲ್ ಬಾಯಿ ತೆರೆದ. ಹೆಸರುಗಳು ಒಂದರ ಹಿಂದೊಂದು, ನೀರಿನ ಹಾಗೆ ಹರಿದವು. 'ಬ' ಕೂಡ ಹರಿಯಿತು. ಓದಿ ಮುಗಿಸಿ ಅವನು ಗೋಡೆಗೊರಗಿ ನಿಂತುಬಿಟ್ಟ.

ಅವತ್ತು ಆ ದನಿ ಕೇಳಿ, ಮಾಂಸದ ಕಡುಬಿನಂಥ ಪೈ ಮಾರುವ ಕಿಟಕಿಯಲ್ಲಿದ್ದ ಮೇವಿಸ್ ಎಂಬ ಹುಡುಗಿ, 'ಯಾರಿದು, ನೋಡಬೇಕಲ್ಲ' ಎಂದುಕೊಂಡು ಆಟ ಮುಗಿದ ಮೇಲೆ ಮೆಟ್ಟಿಲ ಬುಡದಲ್ಲಿ ಕಾದು ನಿಂತಳು. ಇಳಿದು ಬಂದವನನ್ನು ಹೆಸರು ಕೇಳಿದಳು. ನೆವಿಲ್ ಎಂಬಷ್ಟು ಬಂತು. ಬಾರ್ಲೋ ಬರಲಿಲ್ಲ. ತುಟಿ ಕೂಡಿಕೊಂಡು, ಕತ್ತಿನ ನರ ಬಿಗಿದು, ಮುಖ ಕೆಂಪಾಯಿತು. ಇಂಥ ಹೊತ್ತಿನಲ್ಲಿ ಜನ ನೆಲ ನೋಡುತ್ತಿದ್ದರು, ಇಲ್ಲವೇ ಮಾತನ್ನು ತಾವೇ ಮುಗಿಸುತ್ತಿದ್ದರು. ಮೇವಿಸ್ ಎರಡನ್ನೂ ಮಾಡಲಿಲ್ಲ. ಬಸ್ಸಿಗೆ ಕಾಯುವವಳ ಹಾಗೆ ಆರಾಮಾಗಿ ನಿಂತುಕೊಂಡಳು. ಹೆಸರು ಬಂತು. 'ಆಮೇಲೆ?' ಎಂದಳು. ಆ 'ಆಮೇಲೆ'ಯೇ ಮುಂದೆ ಮದುವೆಯಾಯಿತು.

ಮುದುಕ ತೀರಿಕೊಂಡ ಮೇಲೆ ತಗಡಿನ ಗೂಡು ನೆವಿಲ್‌ನದೇ ಆಯಿತು. ವಾರವಿಡೀ ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನೆಲ್ಲ ಅವನು ಶನಿವಾರ ಮೈಕಿನಲ್ಲಿ ಬಿಡುಗಡೆ ಮಾಡುತ್ತಿದ್ದ. ಮೊದಮೊದಲು ಹೆಸರು ಓದುವುದು, ಆಟಕ್ಕೆ ಮುಂಚೆ ಒಂದೆರಡು ಹಾಡು ಹಾಕುವುದು, ಅಷ್ಟೇ ಇತ್ತು. ಆಗೆಲ್ಲ ಮಿಲ್ಲುಗಳು ನಡೆಯುತ್ತಿದ್ದ ಕಾಲ. ಪಾಳಿ ಮುಗಿಸಿ ನೇರ ಬಂದವರು ಗೋಲಿನ ಹಿಂದೆ ಭುಜಕ್ಕೆ ಭುಜ ತಾಗಿಸಿ ನಿಂತು ತಾವೇ ಹಾಡುತ್ತಿದ್ದರು. ಮಿಲ್ಲು ಮುಚ್ಚಿದವು, ಜನ ಕಡಿಮೆಯಾದರು. ನಿಲ್ಲುವ ಜಾಗಕ್ಕೆ ಪ್ಲಾಸ್ಟಿಕ್ ಸೀಟು ಬಂತು. ಹಾಡು ಸಣ್ಣಗಾಯಿತು. ಆ ಮೌನ ನೆವಿಲ್‌ಗೆ ಸಹಿಸಲಾಗುತ್ತಿರಲಿಲ್ಲ; ಮಾತು ಬಾರದೆ ಬಾಯಿ ತೆರೆದು ನಿಂತ ತನ್ನ ಹಾಗೆಯೇ ಮೈದಾನ ಕಾಣುತ್ತಿತ್ತು. ಅದಕ್ಕೇ ಅವನು ಇನ್ನೊಂದು ಹಾಡು ಸೇರಿಸಿದ. ಮತ್ತೊಂದು. ಹೊಸ ಮಾಲೀಕರು ದೊಡ್ಡ ಲೌಡ್‌ಸ್ಪೀಕರುಗಳನ್ನು ತಂದರು. ಗೋಲಾದರೆ ಹಾಡು, ಆಟಗಾರ ಬದಲಾದರೆ ಹಾಡು. ಕಾರ್ನರ್ ಕಿಕ್ಕಿಗೂ ಒಂದು ಜಾಹೀರಾತು: 'ಈ ಕಾರ್ನರನ್ನು ನಿಮ್ಮ ಮುಂದಿಡುತ್ತಿರುವವರು ಮಾರ್ಕೆಟ್ ಬೀದಿಯ ಜಮಖಾನೆ ಅಂಗಡಿಯವರು!' ಗೂಡಿನ ಗಾಜಿನ ಕಿಟಕಿ ಮುಚ್ಚಿಕೊಂಡು ನೆವಿಲ್ ತನ್ನ ಪಾಡಿಗೆ ತಾನು ಸುಖವಾಗಿದ್ದ.

ಕೆಳಗೆ ಜನ ಕೈಕಟ್ಟಿ ಕೂತಿರುತ್ತಿದ್ದರು. ಬೇರೆ ಊರಿನಿಂದ ಬಂದ ಒಂದು ಬಸ್ಸಿನ ಜನ ಇಡೀ ಬ್ರಾಕ್‌ಡೇಲನ್ನು ಹಾಡಿನಲ್ಲಿ ಹಂಗಿಸಿ ಹೋಗುತ್ತಿದ್ದರು.

ಒಂದು ವರ್ಷ ಚಳಿಗಾಲಕ್ಕೆ ಮುಂಚೆ ಕ್ಲಬ್ಬಿನ ಕಚೇರಿಗೆ ನಸ್ರೀನ್ ಅಖ್ತರ್ ಎಂಬ ಹುಡುಗಿ ಬಂದಳು. ಊರಿನವಳೇ, ಟ್ಯಾಕ್ಸಿ ಓಡಿಸುವ ಅಖ್ತರರ ಮಗಳು. ಅಪ್ಪನ ಹೆಗಲ ಮೇಲೆ ಕೂತು ಟೌನ್ ಆಟ ನೋಡಿ ಬೆಳೆದವಳು. ಅಭಿಮಾನಿಗಳ ಯೋಗಕ್ಷೇಮ ನೋಡುವ ಕೆಲಸ ಅವಳದು. ಬಂದವಳೇ ಒಂದು ಸಂಜೆ ಕ್ಲಬ್ಬಿನ ಬಾರಿನಲ್ಲಿ ಸಭೆ ಕರೆದಳು. ನೆವಿಲ್ ಹಿಂದಿನ ಬೆಂಚಿನಲ್ಲಿ, ಕೋಟಿನ ಕಾಲರಿನೊಳಗೆ ಗಲ್ಲ ಹುದುಗಿಸಿ ಕೂತಿದ್ದ.

"ಒಂದೇ ಒಂದು ಪ್ರಶ್ನೆ," ಎಂದಳು ನಸ್ರೀನ್. "ನಮ್ಮ ಮೈದಾನ ಯಾಕೆ ಸಾವಿನ ಮನೆ ಥರ ಇರುತ್ತೆ?"

"ಟೀಮು ಸತ್ತಿರೋದಕ್ಕೆ," ಎಂದ ಲೆಸ್ ಗ್ರಿಮ್‌ಶಾ. ಅವನು ಕೊಳಾಯಿ ರಿಪೇರಿಯವನು, ಹುಟ್ಟಾ ಕೊಂಕುಮಾತಿನವನು. ಎಲ್ಲರೂ ನಕ್ಕರು.

ಡ್ರಮ್ಮು ತರೋಣ ಎಂದರು. ಬಾವುಟ ಹಂಚೋಣ ಎಂದರು. ಬಿಯರ್ ಅಗ್ಗವಾದರೆ ಹಾಡು ತಾನಾಗಿ ಬರುತ್ತದೆ ಎಂದು ಒಬ್ಬ ವಾದಿಸಿದ. ಕೊನೆಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಜೋಡಿ ಎಂಬ ಯುವತಿ ಎದ್ದು ನಿಂತಳು.

"ನಾವು ಹಾಡ್ತೀವಿ ಕಣ್ರೀ. ನಾನು, ನನ್ನ ಜೊತೆಯವರು ಒಂದಷ್ಟು ಜನ. ಆದ್ರೆ ಶುರು ಹಚ್ಕೊಳ್ಳೋ ಹೊತ್ತಿಗೆ ಮೇಲಿಂದ ಆ ಲೌಡ್‌ಸ್ಪೀಕರ್ ಬಡ್ಕೊಳ್ಳೋಕೆ ಶುರುವಾಗುತ್ತೆ. ಗೋಲು ಹಾಕಿದಾಗ ಕೂಗೋಣ ಅಂದ್ರೆ ಅದಕ್ಕೂ ರೆಕಾರ್ಡು! ನಮ್ಮ ಖುಷೀನೂ ಅದೇ ಪಟ್ಟರೆ ನಾವು ಯಾಕೆ ಬರ್ಬೇಕು?"

"ಅದ್ಯಾರೋ ಮೇಲಿರೋನು ಕಿವುಡ ಇರ್ಬೇಕು," ಎಂದ ಲೆಸ್.

ಮತ್ತೆ ನಗು. ನಸ್ರೀನ್ ನಗಲಿಲ್ಲ. ಅವಳ ಕಣ್ಣು ಹಿಂದಿನ ಬೆಂಚಿನ ಕಡೆ ಹೋಗಿ, ಪಾಪ ಎನಿಸಿ ಹಿಂದಕ್ಕೆ ಬಂತು. ನೆವಿಲ್‌ಗೆ ಕಿವಿ ಬಿಸಿಯಾಗಿತ್ತು. ಎದ್ದು ಏನಾದರೂ ಹೇಳಬೇಕೆನಿಸಿತು. ಹೇಳಹೊರಟರೆ ಏನಾಗುತ್ತದೆಂದು ಗೊತ್ತಿತ್ತು. ಸದ್ದಿಲ್ಲದೆ ಎದ್ದು ಮನೆಗೆ ಹೋದ.

ಮನೆಯಲ್ಲಿ ಮೇವಿಸ್ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ನಿಧಾನವಾಗಿ, ತಡೆದು ತಡೆದು ಎಲ್ಲ ಹೇಳಿದ. ಅವಳು ಎಂದಿನಂತೆ ಕಾದು ಕೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ ತನ್ನ ಕೋಟಿನ ಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು. ಹತ್ತಿಯ ಎರಡು ಉಂಡೆ.

"ಏನಿದು?"

"ಕಿವಿಗೆ ಇಟ್ಕೊಳ್ಳೋದು. ನಿನ್ನ ಗೂಡಿನ ಕೆಳಗೇ ಅಲ್ವಾ ನಾನು ಕೂರೋದು, ಸ್ಪೀಕರ್ ತಲೆ ಮೇಲೇ ಇದೆ."

"ಯಾವಾ... ಯಾವಾಗಿಂದ?"

"ಆ ದೊಡ್ಡ ಡಬ್ಬಗಳು ಬಂದಾಗಿಂದ."

"ಒಂದ್ ಮಾತು ಹೇಳ್ಬಾರ್ದಾ ಮೇವಿಸ್!"

"ಹೆಂಗೆ ಹೇಳ್ಲಿ? ವಾರಕ್ಕೊಂದ್ ಸಲ ನಿನ್ನ ಮಾತು ಕಟ್ಟು ಬಿಚ್ಚಿದ ಹಾಗೆ ಬರುತ್ತೆ. ಅದನ್ನ ಕಿತ್ಕೊಳ್ಳೋಕೆ ನನಗೆ ಮನಸ್ಸಾಗ್ಲಿಲ್ಲ." ಅವಳು ಮತ್ತೆ ಚಾಕು ಕೈಗೆತ್ತಿಕೊಂಡಳು. "ನೀನು ಹೆಸರು ಓದೋದು ಚೆನ್ನಾಗಿರುತ್ತೆ ಕಣೋ. ಅದಕ್ಕೆ ಮಾತ್ರ ಹತ್ತಿ ತೆಗೀತೀನಿ."

ಮುಂದಿನ ಶನಿವಾರ ನೆವಿಲ್ ಗೂಡಿಗೆ ಹತ್ತಿ, ಎಷ್ಟೋ ವರ್ಷದಿಂದ ಮುಚ್ಚಿದ್ದ ಕಿಟಕಿಯನ್ನು ಗುದ್ದಿ ತೆರೆದ. ಬಣ್ಣದ ಚಕ್ಕೆ ಉದುರಿತು, ತಣ್ಣನೆ ಗಾಳಿ ನುಗ್ಗಿತು. ಅವತ್ತು ಅವನು ಒಂದು ಹಾಡನ್ನೂ ಹಾಕಲಿಲ್ಲ.

ಭಯಾನಕವಾಗಿತ್ತು. ಯಾರೋ ಕೆಮ್ಮಿದ್ದು ಆಚೆ ತುದಿಗೆ ಕೇಳಿತು. ಆಟಗಾರರು ಬೂಟು ಕುಟ್ಟಿಕೊಳ್ಳುವ ಸದ್ದು ಕೇಳಿತು. "ಏನ್ರೋ, ರೆಕಾರ್ಡ್ ಹಾಕೋನು ಸತ್ತನಾ?" ಎಂದು ಯಾರೋ ಕೂಗಿದ. ನೆವಿಲ್‌ನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ.

ಹಾಗೆ ಕೂತಾಗಲೇ ಕೇಳಿದ್ದು. ಎಡಗಡೆಯ ಮೂಲೆಯಲ್ಲಿ ನಾಲ್ಕಾರು ಜನ ಹಾಡುತ್ತಿದ್ದರು. ಅದೇ ಹಾಡನ್ನು ಬಲಗಡೆ, ದೂರದಲ್ಲಿ, ಇನ್ನೊಂದಿಷ್ಟು ಜನ ಒಂದು ಸಾಲು ಹಿಂದೆ ಬಿದ್ದು ಹಾಡುತ್ತಿದ್ದರು. ತಮ್ಮಂತೆ ಇನ್ನೊಂದು ಗುಂಪಿದೆ ಎಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ. ಹಾಡು ಗಾಳಿಗೆ ಸಿಕ್ಕಿದ ಹೊಗೆಯ ಹಾಗೆ ಚದುರಿಹೋಗುತ್ತಿತ್ತು.

ಆಟ ಮುಗಿದ ಮೇಲೆ ಅವನು ನಸ್ರೀನಳ ಕಚೇರಿಗೆ ಹೋದ. ಹಾಡುವವರನ್ನೆಲ್ಲ ಒಂದೇ ಕಡೆ, ಗೋಲಿನ ಹಿಂದೆ ಮಿಲ್ ತುದಿ ಎಂದು ಕರೆಯುವ ಸ್ಟ್ಯಾಂಡಿನ ತಗ್ಗು ತಗಡಿನ ಮಾಡಿನ ಕೆಳಗೆ ಕೂರಿಸಿದರೆ ಸದ್ದು ಅಲ್ಲೇ ಸುತ್ತಿ ಮೈದಾನಕ್ಕೆ ಇಳಿಯುತ್ತದೆ, ಹಳೆಯ ಕಾಲದಲ್ಲಿ ಹಾಗೇ ಇತ್ತು ಎಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ನಾನೂ ಅದನ್ನೇ ಯೋಚಿಸ್ತಿದ್ದೆ ಮಿಸ್ಟರ್ ಬಾರ್ಲೋ," ಎಂದಳು ನಸ್ರೀನ್. "ಆದ್ರೆ ಅಲ್ಲೆಲ್ಲ ಇಡೀ ವರ್ಷಕ್ಕೆ ಸೀಟು ಕೊಂಡಿರೋ ಸೀಸನ್ ಟಿಕೆಟ್‌ನೋರು ಇದಾರೆ. ಎಲ್ಲಾ ವಯಸ್ಸಾದೋರು. ಏಳಿ ಅಂತ ಹೇಳೋ ಅಧಿಕಾರ ನನಗಿಲ್ಲ. ಒಬ್ಬೊಬ್ಬರನ್ನೂ ಕೇಳ್ಕೋಬೇಕು. ಕಾಗದ ಕಳಿಸೋಣ ಅಂದ್ರೆ..."

"ಕಾಗದಕ್ಕೆ ಯಾರೂ ಏಳಲ್ಲ," ಎಂದ ನೆವಿಲ್. "ನಾ... ನಾನು ಕೇಳ್ತೀನಿ."

ಅವಳು ಏನೋ ಹೇಳಲು ಬಾಯಿ ತೆರೆದಳು.

"ಗೊತ್ತು ಕಣಮ್ಮಾ," ಎಂದ ಅವನು. "ಆದ್ರೂ ಕೇಳ್ತೀನಿ."

ಹೀಗೆ ನೆವಿಲ್ ಬಾರ್ಲೋ ತನ್ನ ಅರವತ್ತರ ಹತ್ತಿರದ ವಯಸ್ಸಿನಲ್ಲಿ ಗೂಡಿನಿಂದ ಇಳಿದು ಬಂದ. ಆಟಕ್ಕೆ ಮುಂಚೆ, ಮಧ್ಯಂತರದಲ್ಲಿ, ಮಿಲ್ ತುದಿಯ ಸಾಲು ಸಾಲಿಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಮೈಕಿಲ್ಲ, ಗೋಡೆಯಿಲ್ಲ, ಎದುರಿಗೆ ಮುಖಗಳು.

"ನೀನಾ? ಮೇಲೆ ಗಿಳಿ ಥರ ಮಾತಾಡೋನು ನೀನಾ?" ಎಂದು ಲೆಸ್ ಗ್ರಿಮ್‌ಶಾ ಕಣ್ಣರಳಿಸಿದ. ಅವನ ಸೀಟೂ ಅಲ್ಲೇ ಇತ್ತು.

"ನಾ... ನಾನೇ."

ಲೆಸ್ ಪೈ ಕಚ್ಚುವುದನ್ನು ನಿಲ್ಲಿಸಿದ. ಕೊಂಕು ತುಟಿಯ ತನಕ ಬಂದದ್ದು ಕಾಣುತ್ತಿತ್ತು. "ಅವತ್ತು ಸಭೇಲಿ ನಾನು... ಕಿವುಡ ಅಂತ..."

"ಸ... ಸರಿಯಾಗೇ ಹೇಳಿದ್ದೆ."

"ಥೂ, ನನ್ನ ಬಾಯಿಗೊಂದಿಷ್ಟು ಮಣ್ಣು ಹಾಕ," ಎಂದು ಲೆಸ್ ತನ್ನ ಚೀಲ ಎತ್ತಿಕೊಂಡು ಎದ್ದೇಬಿಟ್ಟ. "ಎಲ್ಲಿಗೆ ಹೋಗ್ಬೇಕು ಹೇಳು. ಪೈ ಕಿಟಕಿ ಹತ್ರ ಕೊಡು, ಅಷ್ಟು ಸಾಕು."

ಎಲ್ಲರೂ ಅಷ್ಟು ಸುಲಭಕ್ಕೆ ಏಳಲಿಲ್ಲ. ಬೈದವರಿದ್ದರು; ಮುಖ ತಿರುಗಿಸಿದವರಿದ್ದರು. ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ನೆವಿಲ್‌ನ ಮಾತು ಮುಗಿಯುವ ತನಕ ಕಾದು ನಿಂತವರಿಗೆ, ಅಷ್ಟು ಕಷ್ಟಪಟ್ಟು ಹೊರಬಂದ ಮಾತಿಗೆ 'ಆಗಲ್ಲ' ಎನ್ನಲು ನಾಲಗೆ ಏಳುತ್ತಿರಲಿಲ್ಲ. ಕೆಲವರು ಚಾ ಕೊಟ್ಟರು. ಒಬ್ಬ ಮುದುಕ, ತನ್ನ ತಮ್ಮನೂ ಹೀಗೇ ಮಾತಾಡುತ್ತಿದ್ದ, ನಾವೆಲ್ಲ ಅವನ ಮಾತನ್ನು ಪೂರ್ತಿ ಕೇಳಲೇ ಇಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡ. ಮನೆಗೆ ಬಂದಾಗ ನೆವಿಲ್‌ಗೆ ದವಡೆ ನೋಯುತ್ತಿತ್ತು. ಇಷ್ಟು ಜನರ ಹತ್ತಿರ ಅವನು ಜನ್ಮದಲ್ಲೇ ಮಾತಾಡಿರಲಿಲ್ಲ.

ಕೊನೆಗೆ ಗೋಲಿನ ನೇರ ಹಿಂದಿನ, ಎತ್ತರದ ಸಾಲಿನ ಎರಡು ಸೀಟು ಉಳಿದವು. ಒಂದರಲ್ಲಿ ಬೆರಿಲ್ ಹೆಸ್ಕೆತ್, ಹಿಂದೆ ಶಾಲೆಯ ಅಡುಗೆಮನೆಯಲ್ಲಿದ್ದ ವಿಧವೆ, ಮಂಡಿಯ ಮೇಲೆ ಕಂಬಳಿ, ಕಾಲ ಬಳಿ ಫ್ಲಾಸ್ಕು. ಪಕ್ಕದ ಸೀಟು ಖಾಲಿ.

"ನಾನು ಏಳಲ್ಲಪ್ಪಾ," ಎಂದಳು ಅವಳು, ನೆವಿಲ್ ಹೇಳಿ ಮುಗಿಸುವ ತನಕ ತಾಳ್ಮೆಯಿಂದಿದ್ದು. "ಇವರು ಬಂದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

"ಯಾರು?"

"ಇವರೇ." ಅವಳು ಖಾಲಿ ಸೀಟನ್ನು ಕೈಗವುಸಿನಿಂದ ತಟ್ಟಿದಳು. "ಕಂದು ಟೋಪಿ ಹಾಕ್ಕೊಂಡು ಟಾಫಿ ಕೊಡೋರು."

"ಹೆಸರು?"

"ನನಗೇನು ಗೊತ್ತು? ನಾನು ಕೇಳಿಲ್ಲ, ಅವರು ಹೇಳಿಲ್ಲ. ಹನ್ನೊಂದು ವರ್ಷದಿಂದ ಪಕ್ಕದಲ್ಲಿ ಕೂತಿದೀವಿ. ಈಗ ಕೇಳೋಕೆ ನಾಚಿಕೆಯಾಗಲ್ವಾ?" ಅವಳು ಕಂಬಳಿಯ ಅಂಚು ಸರಿಮಾಡಿಕೊಂಡಳು. ದನಿ ತಗ್ಗಿತು. "ಎರಡು ಆಟದಿಂದ ಬಂದಿಲ್ಲ. ಯಾವತ್ತೂ ತಪ್ಪಿಸಿದೋರಲ್ಲ. ಯಾರನ್ನ ಕೇಳ್ಲಿ? ಏನಂತ ಕೇಳ್ಲಿ? ಟಾಫಿ ಕೊಡೋರು ಎಲ್ಲಿ ಅಂತ ಕೇಳ್ಲಾ? ವಾರದಲ್ಲಿ ನನ್ನ ಜೊತೆ ಸರಿಯಾಗಿ ಮಾತಾಡೋರು ಅವರೊಬ್ಬರೇ."

ನೆವಿಲ್ ನೇರ ಗೂಡಿಗೆ ಹತ್ತಿಹೋದ. ಮಧ್ಯಂತರದ ಸೀಟಿ ಆದಮೇಲೆ ಮೈಕು ತೆಗೆದುಕೊಂಡು, ಜಮಖಾನೆ ಅಂಗಡಿಯ ಜಾಹೀರಾತನ್ನು ಪಕ್ಕಕ್ಕಿಟ್ಟು ಹೇಳಿದ: "ಒಂದು ವಿನಂತಿ. ಮಿಲ್ ತುದಿಯ ಮೇಲಿನ ಸಾಲಿನಲ್ಲಿ ಕೂರುವ, ಕಂದು ಟೋಪಿಯ, ಟಾಫಿ ಹಂಚುವ ಹಿರಿಯರು ಎರಡು ಆಟದಿಂದ ಬಂದಿಲ್ಲ. ಅವರನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಪಕ್ಕದ ಸೀಟಿನವರು ಕಾಯುತ್ತಿದ್ದಾರೆ."

ಮೈದಾನದಲ್ಲಿ ಒಂದು ನಗೆ ಎದ್ದಿತು. ಅದು ಹಂಗಿಸುವ ನಗೆಯಾಗಿರಲಿಲ್ಲ. ಆಟ ಮುಗಿಯುವುದರೊಳಗೆ ಒಬ್ಬಳು ಹೆಂಗಸು ಬೆರಿಲ್‌ಳನ್ನು ಹುಡುಕಿಕೊಂಡು ಬಂದಳು. ಟಾಫಿಯವರು ಅವಳ ಬೀದಿಯವರು. ಹೆಸರು ಕೆನ್ನೆತ್ ಡಾಬ್ಸನ್. ಮನೆಯ ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿದೆ, ಆಸ್ಪತ್ರೆಯಲ್ಲಿದ್ದಾರೆ.

ಭಾನುವಾರ ನೆವಿಲ್ ಮತ್ತು ಮೇವಿಸ್ ಬ್ರೆಡ್ಡಿನ ವ್ಯಾನಿನಲ್ಲೇ ಬೆರಿಲ್‌ಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆರಿಲ್ ತಲೆಗೂದಲು ಸುರುಳಿ ಮಾಡಿಸಿಕೊಂಡಿದ್ದಳು; ದಾರಿಯುದ್ದಕ್ಕೂ ಒಂದೇ ಮಾತು: "ನಾನ್ಯಾರು ಅಂತ ಬಂದಿದೀನಿ? ವಾಪಸ್ ಹೋಗೋಣ." ವಾರ್ಡಿನಲ್ಲಿ ಟೋಪಿಯಿಲ್ಲದ ಕೆನ್ನೆತ್ ದಿಂಬಿಗೊರಗಿ ಸಣ್ಣಗೆ ಕಾಣುತ್ತಿದ್ದ. ಅವಳನ್ನು ಕಂಡವನೇ ಕೈಯಿಂದ ತಲೆಯ ಕೂದಲು ನೀವಿಕೊಂಡ, ಇದ್ದದ್ದೇ ನಾಲ್ಕು ಎಳೆ.

"ನಿಮ್ಮ ಹೆಸರು ಕೆನ್ನೆತ್ ಅಂತೆ," ಎಂದಳು ಬೆರಿಲ್, ತಪ್ಪು ಹೊರಿಸುವವಳ ಹಾಗೆ.

"ಹೌದು."

"ನನ್ನ ಹೆಸರು ಬೆರಿಲ್."

"ಗೊತ್ತು. ನಿಮ್ಮ ಫ್ಲಾಸ್ಕಿನ ಬುಡದಲ್ಲಿ ಬರೆದಿದೆ."

"ಹನ್ನೊಂದು ವರ್ಷದಿಂದ ಗೊತ್ತಿತ್ತಾ? ಒಂದ್ ಸಲಾನಾದ್ರೂ ಕರೀಬಾರ್ದಿತ್ತಾ?"

"ನೀವಾಗಿ ಹೇಳಿರ್ಲಿಲ್ವಲ್ಲ," ಎಂದ ಕೆನ್ನೆತ್. "ಕದ್ದು ಓದಿದ ಹಾಗಾಗುತ್ತೆ ಅಂತ."

ಮೇವಿಸ್ ನೆವಿಲ್‌ನ ತೋಳು ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದಳು. ಇಬ್ಬರೂ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಒಳಗಿನಿಂದ ಬರುತ್ತಿದ್ದ ಸಣ್ಣ ಮಾತುಕತೆಯನ್ನು ಕೇಳಿಯೂ ಕೇಳದವರ ಹಾಗಿದ್ದರು. ಹೊರಡುವಾಗ ಸೀಟಿನ ವಿಷಯವನ್ನು ಎತ್ತಿದ್ದು ಕೆನ್ನೆತ್ತೇ. ಇನ್ನು ಅಷ್ಟು ಮೆಟ್ಟಿಲು ಹತ್ತುವುದು ತನ್ನಿಂದಾಗದು, ಕೆಳಗಿನ ಸಾಲಿನಲ್ಲಿ ಎಲ್ಲಾದರೂ ಎರಡು ಸೀಟು ಸಿಕ್ಕೀತೇ ಎಂದು ಕೇಳಿದ. ಎರಡು ಎಂದು ಅವನು ಹೇಳಿದ್ದಕ್ಕೆ ಬೆರಿಲ್ ಕಿಟಕಿಯಾಚೆ ನೋಡಿದಳು.

ಜನವರಿಯ ಒಂದು ಶನಿವಾರ ಮಿಲ್ ತುದಿಯನ್ನು ಹಾಡುವವರಿಗೆ ಬಿಟ್ಟುಕೊಟ್ಟರು. ಜೋಡಿ ತನ್ನ ಬಳಗ ಕಟ್ಟಿಕೊಂಡು ಬಂದಳು. ಎರಡೂ ಮೂಲೆಯ ಗುಂಪುಗಳು ಮೊದಲ ಸಲ ಮುಖಾಮುಖಿಯಾಗಿ, 'ಓ, ನೀವೇನಾ!' ಎಂದುಕೊಂಡವು. ಆಚೆ ಈಚೆಯಿಂದ ಇನ್ನೂ ಕೆಲವರು ಬಂದು ಸೇರಿದರು. ನಸ್ರೀನಳ ಅಪ್ಪ ಟ್ಯಾಕ್ಸಿಯನ್ನು ಹೊರಗೆ ನಿಲ್ಲಿಸಿ ಮಫ್ಲರ್ ಸುತ್ತಿಕೊಂಡು ಬಂದು ಅವರ ನಡುವೆ ನಿಂತರು. ಮಳೆ ಹನಿಯುತ್ತಿತ್ತು. ರೆಕಾರ್ಡುಗಳಿಲ್ಲ, ಜಮಖಾನೆ ಅಂಗಡಿಯೂ ಇಲ್ಲ. ಮೊದಲು ಒಂದಿಷ್ಟು ಅಳುಕು; ಯಾರು ಎತ್ತುವುದು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಜೋಡಿ ಶುರುಮಾಡಿದಳು.

ಮೇಲೆ ಕಿಟಕಿ ತೆರೆದು ಕೂತ ನೆವಿಲ್‌ಗೆ ಎಲ್ಲ ಕೇಳುತ್ತಿತ್ತು. ಮುಖಗಳೂ ಕಾಣುತ್ತಿದ್ದವು. ಹಿಂದೆ ಅವು ಬರೀ ಮುಖಗಳಾಗಿದ್ದವು. ಈಗ ಹೆಚ್ಚುಕಡಿಮೆ ಎಲ್ಲರ ಹತ್ತಿರವೂ ಅವನು ಮಾತಾಡಿದ್ದ. ಅಗೋ ಪೈ ಕಿಟಕಿಯ ಬಳಿ ಲೆಸ್. ಅಗೋ ಕೆಳಗಿನ ಸಾಲಿನಲ್ಲಿ ಬೆರಿಲ್, ಪಕ್ಕದ ಸೀಟಿಗೆ ಕಂಬಳಿ ಹಾಸಿ ಕಾದಿಟ್ಟಿದ್ದಾಳೆ. ಕೆನ್ನೆತ್ ಮುಂದಿನ ತಿಂಗಳು ಬರುತ್ತಾನೆ. ಇಲ್ಲೇ ಕೆಳಗೆ ಮೇವಿಸ್.

ಅವನು ಮೈಕು ತೆಗೆದುಕೊಂಡು ಟೌನ್ ತಂಡದ ಹೆಸರುಗಳನ್ನು ಓದಲು ಶುರುಮಾಡಿದ. ಗೋಲ್‌ಕೀಪರನ ಹೆಸರು ಸರಾಗ ಬಂತು. ಎರಡನೆಯವನ ಹೆಸರು ಡ್ಯಾನಿ ಬೂತ್.

"ಡ್ಯಾನಿ," ಎಂದ ನೆವಿಲ್.

'ಬ' ಬರಲಿಲ್ಲ.

ತುಟಿ ಕೂಡಿಕೊಂಡಿತು. ಮೈಕು ಕೈಗೆ ಬಂದ ದಿನದಿಂದ ಒಮ್ಮೆಯೂ ಹೀಗಾಗಿರಲಿಲ್ಲ. ಮುಖಗಳು ಕಂಡಿದ್ದರಿಂದಲೋ, ಕಿಟಕಿ ತೆರೆದಿದ್ದರಿಂದಲೋ, ಗೂಡಿನ ಗೋಡೆ ಇದ್ದೂ ಇಲ್ಲದಂತಾಗಿತ್ತು. ಲೌಡ್‌ಸ್ಪೀಕರುಗಳು ಅವನ ತಡೆದ ಉಸಿರನ್ನು ಊರಿಗೆಲ್ಲ ಸಾರಿದವು. ಮಿಲ್ ತುದಿಯ ಹಾಡು ನಿಂತಿತು. ಬೇರೆ ಊರಿನ ಕಡೆಯಿಂದ ಯಾರೋ ಕಿಸಕ್ಕೆಂದರು. ನೆವಿಲ್ ಕಣ್ಣು ಮುಚ್ಚಿದ. ಮೈಕು ಆರಿಸಿಬಿಡಬೇಕೆಂದುಕೊಂಡ, ಬೆರಳು ಅಲುಗಲಿಲ್ಲ.

ಇಡೀ ಮೈದಾನ ಕಾಯಿತು. ತಮ್ಮ ಸೀಟಿನ ಬಳಿ ಬಂದು ನಿಂತು, ಟೋಪಿ ಹಿಡಿದು ಉಗ್ಗಿದವನನ್ನು ಅವರೆಲ್ಲ ಬಲ್ಲರು. ಕಾಯುವುದು ಅವರಿಗೆ ಅಭ್ಯಾಸವಾಗಿತ್ತು. ಆದರೆ ಲೆಸ್ ಗ್ರಿಮ್‌ಶಾಗೆ ಯಾವತ್ತೂ ತಾಳ್ಮೆ ಇದ್ದದ್ದಲ್ಲ. ಪೈ ಹಿಡಿದ ಕೈಯನ್ನು ಮೇಲೆತ್ತಿ ಗಂಟಲು ಹರಿಯುವ ಹಾಗೆ ಕೂಗಿದ:

"ಬೂತ್!"

ಒಂದು ಗಳಿಗೆ ಬಿಟ್ಟು ಮಿಲ್ ತುದಿಯಿಡೀ ಕೂಗಿತು: "ಬೂತ್!" ತಗಡಿನ ಮಾಡು ಗುಡುಗಿತು. ಮೈದಾನದಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಡ್ಯಾನಿ ಬೂತ್, ಮುಖ ಎತ್ತಿ, ಯಾಕೆಂದು ಗೊತ್ತಾಗದೆ, ಎರಡೂ ಕೈ ಮೇಲೆ ಮಾಡಿ ಚಪ್ಪಾಳೆ ತಟ್ಟಿದ.

ನೆವಿಲ್ ಕಣ್ಣು ತೆರೆದ. ಕಾಗದ ನೋಡಿದ. ಮೂರನೆಯವನ ಹೆಸರಿನಲ್ಲಿ 'ಬ' ಇರಲಿಲ್ಲ, ಪೂರ್ತಿ ಓದಬಹುದಾಗಿತ್ತು. ಆದರೆ ಅವನು ಅರ್ಧವನ್ನೇ ಹೇಳಿದ.

"ಮಾರ್ಕಸ್..."

ಕಾದ.

"ಕೋಲ್!" ಎಂದಿತು ಮೈದಾನ. ಈ ಸಲ ಮಿಲ್ ತುದಿ ಮಾತ್ರವಲ್ಲ. ಮುಖ್ಯ ಸ್ಟ್ಯಾಂಡು, ಪೈ ಕಿಟಕಿಯ ಸಾಲು, ಕಂಬಳಿ ಹೊದ್ದ ಬೆರಿಲ್, ಎಲ್ಲರೂ. ಅಲ್ಲಿಂದ ಮುಂದೆ ಅವನು ಅರ್ಧ ಹೇಳಿದ, ಅವರು ಅರ್ಧ ಹೇಳಿದರು. ಹನ್ನೊಂದನೆಯ ಹೆಸರಿಗೆ ಬರುವಷ್ಟರಲ್ಲಿ ಬೇರೆ ಊರಿನವರು ಬಾಯಿ ಮುಚ್ಚಿಕೊಂಡಿದ್ದರು.

ಅವತ್ತು ಟೌನ್ ಗೆದ್ದಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೊನೆಯ ಗಳಿಗೆಯಲ್ಲಿ ಒಂದು ಗೋಲು ತಿಂದು ಸೋತಿತು. ಆದರೆ ಸೋತ ಮೇಲೂ ಜನ ಎದ್ದು ಹೋಗಲಿಲ್ಲ. ಮಿಲ್ ತುದಿ ಇನ್ನೂ ಹಾಡುತ್ತಲೇ ಇತ್ತು. ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ ಆಟಗಾರರು ತಿರುಗಿ ಅಲ್ಲಿಗೇ ಬಂದರು. ತಂಡ ಆ ವರ್ಷವೂ, ಮರುವರ್ಷವೂ ಅದೇ ಕೆಳಗಿನ ಲೀಗಿನಲ್ಲೇ ಉಳಿಯಿತು. ಎಲ್ಲ ಶನಿವಾರವೂ ಅಷ್ಟೇ ಚೆನ್ನಾಗಿರುತ್ತಿರಲಿಲ್ಲ. ಕೆಲವು ದಿನ ಚಳಿಗೆ ಹಾಡೂ ಮರಗಟ್ಟುತ್ತಿತ್ತು. ಆದರೂ ಹೆಸರು ಓದುವ ಹೊತ್ತಿಗೆ ಜನ ಚಾ ಬಿಟ್ಟು ಓಡಿಬಂದು ತಮ್ಮ ಜಾಗ ಸೇರುತ್ತಿದ್ದರು. ನೆವಿಲ್‌ಗೆ ಅಲ್ಲಿಂದ ಮುಂದೆ ಮೈಕಿನಲ್ಲಿ ಆಗೀಗ ಉಗ್ಗು ಬರತೊಡಗಿತು. ಅದು ಉಗ್ಗೋ, ತಮಗಾಗಿ ಬಿಟ್ಟ ಜಾಗವೋ ಎಂದು ಜನರಿಗೆ ತಿಳಿಯುತ್ತಿರಲಿಲ್ಲ. ಅವನೂ ಹೇಳಲು ಹೋಗಲಿಲ್ಲ.

ಮಿಲ್ ತುದಿ ಹಾಡಿದ ಆ ಮೊದಲ ಶನಿವಾರ ಅವನು ಗೂಡಿಗೆ ಬೀಗ ಹಾಕಿ ಇಳಿದು ಬಂದಾಗ, ಮೇವಿಸ್ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಮೂಗು ಕೆಂಪಾಗಿತ್ತು, ಮಫ್ಲರ್ ಒದ್ದೆಯಾಗಿತ್ತು. ಏನೋ ಹೇಳಲು ಬಾಯಿ ತೆರೆದಳು. ಕರಕರ ಸದ್ದು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು.

"ಮಾತಾಡ್ಬೇಡ," ಎಂದ ನೆವಿಲ್. "ಮನೇಲಿ ಜೇನು ಇದೆ. ಬಿ... ಬಿಸಿನೀರಿಗೆ ಹಾಕ್ಕೊಡ್ತೀನಿ."

ಅವಳು ಅವನ ತೋಳಿಗೆ ತೋಳು ಸೇರಿಸಿದಳು. ಮೀನು ಹುರಿಯುವ ಅಂಗಡಿಯ ಮುಂದೆ ಸಾಲು ನಿಂತಿದ್ದವರಲ್ಲಿ ಯಾರೋ "ಶುಭಸಂಜೆ ನೆವಿಲ್!" ಎಂದರು. ಅವನು ನಿಂತು, ಅವರಿಗೆ ಉತ್ತರ ಕೊಟ್ಟು, ಇವತ್ತಿನ ಆ ಕೊನೆಯ ಗೋಲಿನ ಬಗ್ಗೆ ತನ್ನ ಅಭಿಪ್ರಾಯವನ್ನು ಸಾವಕಾಶವಾಗಿ ಹೇಳತೊಡಗಿದ. ಮೇವಿಸ್ ಮಳೆಯಲ್ಲಿ ನಿಂತು ಕೇಳಿಸಿಕೊಂಡಳು.